ಮೂರು ಗೆರೆ ಆಚೆಯ ಮಧ್ಯಾಹ್ನ

ಹುರುಳಿ ಬೇಯುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಒಂದಿಷ್ಟು ಮಣ್ಣು, ಒಂದಿಷ್ಟು ಕೊಟ್ಟಿಗೆ, ಒಂದಿಷ್ಟು ತಳ ಹತ್ತಿದ ಪಾತ್ರೆ, ಎಲ್ಲ ಸೇರಿದ ಒರಟು ವಾಸನೆ ಅದು. ಮೊನ್ನೆ ಹೊಸದುರ್ಗದಲ್ಲಿ ಮಗಳ ಮನೆಯ ಹಿತ್ತಿಲಲ್ಲಿ ಕೂತಿದ್ದೆ. ಪಕ್ಕದ ಮನೆಯವರು ಎತ್ತುಗಳಿಗೆಂದು ಹುರುಳಿ ಬೇಯಲಿಟ್ಟಿದ್ದರು. ಗಾಳಿ ಈ ಕಡೆ ತಿರುಗಿತು. ಮಗಳು ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನನಗೆ ಮಾತ್ರ ಎದೆ ಡವಡವ ಅನ್ನತೊಡಗಿತು; ಅಂಗಳದ ನೆರಳು ಎಲ್ಲಿಗೆ ಬಂದಿದೆ ಎಂದು ಕಣ್ಣು ತಾನಾಗಿ ಹುಡುಕಿತು. ಈ ವಯಸ್ಸಿನಲ್ಲಿ ಎದೆ ಡವಡವ ಅಂತಿದೆ ಎಂದರೆ ಮನೆಯವರು ಡಾಕ್ಟರನ್ನು ಕರೆಸಿಬಿಡುತ್ತಾರೆ, ಹಾಗಾಗಿ ಬಾಯಿ ಬಿಡಲಿಲ್ಲ. ಇದು ಔಷಧಿಗೆ ಬಗ್ಗುವ ಕಾಯಿಲೆಯಲ್ಲ. ದೊಡ್ಡವ್ವ ಇನ್ನೂ ಉಂಡಿಲ್ಲ ಎನ್ನುವ ಕಾಯಿಲೆ. ದೊಡ್ಡವ್ವ ಹೋಗಿ ಎಷ್ಟೋ ಕಾಲವಾಯಿತು. ಆದರೂ ಆ ವಾಸನೆ ಬಂದಾಗಲೆಲ್ಲ ಅವಳು ಅಡುಗೆಮನೆಯ ಹೊಸಿಲ ಮೇಲೆ ಬರಿ ಹೊಟ್ಟೆಯಲ್ಲಿ ಕೂತಿದ್ದಾಳೆ ಎಂದೇ ನನಗೆ ಅನ್ನಿಸುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ಯಾರಿಗಾಗಿಯೋ ಕಾದು ಕೂತವರು ಒಬ್ಬರು ಇದ್ದಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ನಮ್ಮದು ಚಿತ್ರದುರ್ಗದಲ್ಲಿ ಹುರುಳಿ ವ್ಯಾಪಾರದ ಮನೆ. ಹಿರಿಯೂರು, ಯಲ್ಲದಕೆರೆ ಕಡೆಯಿಂದ ಗಾಡಿಗಳು ಬೆಳಗಿನ ಜಾವವೇ ಬಂದು ಓಣಿಯ ಬಾಯಲ್ಲಿ ನಿಲ್ಲುತ್ತಿದ್ದವು. ಮುಂದಿನ ಅರ್ಧ ಮನೆ ಅಂಗಡಿ, ಹಿಂದಿನ ಅರ್ಧ ನಾವು. ನಡುವೆ ತೆರೆದ ಅಂಗಳ, ಅಂಗಳದಲ್ಲಿ ಒಂದು ಒರಳುಕಲ್ಲು, ಆಚೆ ಬಾವಿಕಟ್ಟೆ, ಅದರಾಚೆ ಎತ್ತಿನ ಕೊಟ್ಟಿಗೆ. ಒಲೆಯ ಮೇಲೆ ಸದಾ ಒಂದು ಹಂಡೆ ಹುರುಳಿ ಬೇಯುತ್ತಲೇ ಇರುತ್ತಿತ್ತು. ನಮ್ಮ ಬಟ್ಟೆಗೂ ಅದೇ ವಾಸನೆ, ತಲೆಗೂದಲಿಗೂ ಅದೇ ವಾಸನೆ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ಲಿಂಗೈಕ್ಯರಾಗಿದ್ದರು. ಅಂಗಡಿಯನ್ನು ನಡೆಸುತ್ತಿದ್ದವಳು ದೊಡ್ಡವ್ವ. ಒಂದು ಕಾಳು ಹಲ್ಲಿಗೆ ಕಚ್ಚಿ ಅದು ಹೋದ ವರ್ಷದ್ದೋ ಈ ವರ್ಷದ್ದೋ ಹೇಳುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಚನ್ನಣ್ಣ. ನಮ್ಮಪ್ಪ ಅವಳ ಮೈದುನ. ವ್ಯಾಪಾರ ಅವರ ತಲೆಗೆ ಹತ್ತಲಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರಾದರು. ಅಪ್ಪ ಚಿಕ್ಕವರಿದ್ದಾಗ ಅವರಿಗೆ ತುತ್ತು ಮಾಡಿ ಉಣಿಸಿದವಳೂ ಇದೇ ಅತ್ತಿಗೆ. ಹಾಗಾಗಿ ಶಾಲೆಯಲ್ಲಿ ಹುಲಿಯಾಗಿದ್ದ ಅಪ್ಪ ಮನೆಯಲ್ಲಿ ಅವಳ ಮುಂದೆ ದನಿ ಎತ್ತಿದ್ದನ್ನು ನಾನು ಎಂದೂ ಕೇಳಿಲ್ಲ.

ದೊಡ್ಡವ್ವನಿಗೆ ಒಂದು ನೇಮವಿತ್ತು. ಮಗ ಉಣ್ಣದೆ ಅವಳು ಉಣ್ಣುತ್ತಿರಲಿಲ್ಲ. ಇದು ಯಾವ ದೇವರಿಗೆ ಹೇಳಿಕೊಂಡ ಹರಕೆಯೂ ಅಲ್ಲ. ಗಂಡ ಹೋದ ಮೇಲೆ ತಾನಾಗಿ ಬೆಳೆದು, ಕಡೆಗೆ ಕಲ್ಲಿನಂತೆ ಗಟ್ಟಿಯಾದ ಅಭ್ಯಾಸ. ಚನ್ನಣ್ಣ ಬೆಳಗಿನ ವ್ಯಾಪಾರ ಮುಗಿಸಿ, ಮಿಂದು, ಹೊತ್ತು ನೆತ್ತಿಗೆ ಬರುವಾಗ ಲಿಂಗಪೂಜೆಗೆ ಕೂರುತ್ತಿದ್ದ. ಪೂಜೆಯಾಗದೆ ತುತ್ತಿಲ್ಲ. ಅವನು ಉಂಡು ಎದ್ದ ಮೇಲೆ ಅವಳ ತಟ್ಟೆ. ಅವನು ಕಾಳು ಕೊಳ್ಳಲು ಹಿರಿಯೂರಿಗೋ ಬಾಗೂರಿಗೋ ಹೋದ ದಿನ ಅವಳು ಅಂಗಳ ನೋಡುತ್ತಿದ್ದಳು. ಸೂರಿನ ನೆರಳು ಒರಳುಕಲ್ಲನ್ನು ಮುಟ್ಟಿದರೆ ಹೊತ್ತು ನೆತ್ತಿಗೆ ಬಂತೆಂದು ಲೆಕ್ಕ. “ಈಗ ಪೂಜೆ ಮುಗುದಿರ್ತೈತೆ. ಈಗ ಉಣ್ತಿರ್ತಾನೆ,” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಇನ್ನಷ್ಟು ಕಾದು, ಆಮೇಲೆ ಕೈ ತೊಳೆಯುತ್ತಿದ್ದಳು. ಹೊತ್ತು ಎಲ್ಲ ಊರಿಗೂ ಒಂದೇ ಸಲ ನೆತ್ತಿಗೆ ಬರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆ ಸಂಶಯವನ್ನು ಮನೆಯೊಳಗೆ ತಂದವರು ನಮ್ಮಪ್ಪ.

ಅಪ್ಪನ ಶಾಲೆಯಲ್ಲಿ ಭೂಗೋಳ ಪಾಠಕ್ಕೆ ಗೋಳ ಇರಲಿಲ್ಲ. ಕೇಳಿ ಕೇಳಿ ಸಾಕಾಗಿ ಅಪ್ಪ ಕುಂಬಾರರಿಂದ ಒಂದು ದುಂಡನೆಯ ಗಡಿಗೆ ತಂದು, ಬೋರಲು ಹಾಕಿ, ಸುಣ್ಣ ಬಳಿದರು. ಗಡಿಗೆಯ ಬಾಯಿ ದಕ್ಷಿಣ ಧ್ರುವ. ಅಲ್ಲಿ ಯಾರೂ ವಾಸವಿಲ್ಲ, ತೂತಿದ್ದರೆ ನಷ್ಟವಿಲ್ಲ ಎನ್ನುತ್ತಿದ್ದರು. ಹೊಟ್ಟೆಯ ಸುತ್ತ ಸಮಭಾಜಕ ವೃತ್ತ. ಅದರ ಆಚೀಚೆ ಕೆಮ್ಮಣ್ಣು ಬಳಿದದ್ದು ಉಷ್ಣವಲಯ, ಅದರ ಮೇಲೆ ಅರಿಶಿನ ಹಚ್ಚಿದ್ದು ಸಮಶೀತೋಷ್ಣ ವಲಯ, ತುದಿಯಲ್ಲಿ ಸುಣ್ಣ ಹಾಗೇ ಬಿಟ್ಟದ್ದು ಶೀತವಲಯ. ತುದಿಯಿಂದ ಬಾಯಿಯವರೆಗೆ ನೀಲಿಯಲ್ಲಿ ಇಪ್ಪತ್ನಾಲ್ಕು ಉದ್ದ ಗೆರೆ, ಹದಿನೈದು ಡಿಗ್ರಿಗೊಂದು. ದುರ್ಗಕ್ಕೊಂದು ಕುಂಕುಮದ ಬೊಟ್ಟು. ಸಂಜೆ ದೀಪದ ಮುಂದೆ ಗಡಿಗೆ ತಿರುಗಿಸುತ್ತ ಚನ್ನಣ್ಣನಿಗೂ ನನಗೂ ಹೇಳಿಕೊಡುತ್ತಿದ್ದರು: ಹೊತ್ತು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹೋಗಲು ಒಂದು ಗಂಟೆ ಬೇಕು, ನಮಗೆ ಮಧ್ಯಾಹ್ನವಾದಾಗ ಪಡುವಣದವರಿಗೆ ಇನ್ನೂ ಬೆಳಗು. ಚನ್ನಣ್ಣ ಮೀಸೆ ಬಂದ ಗಂಡಸು, ನಾನು ಮೂಗು ಸೋರುವ ಹುಡುಗಿ. ಆದರೂ ಗಡಿಗೆಯ ಮುಂದೆ ಇಬ್ಬರೂ ಒಂದೇ ತರಗತಿ. ಅರಿಶಿನ ದಂಡವಾಯಿತೆಂದು ನಮ್ಮವ್ವ ಗೊಣಗಿದಳು. ದೊಡ್ಡವ್ವ ಮಾತ್ರ, “ಮನೇಲಿ ಗಡಿಗೆ ಬೋರಲು ಇಡಬಾರ್ದು ಕಣಪ್ಪ, ಒಳ್ಳೇದಲ್ಲ,” ಎಂದು ಮೆಲ್ಲಗೆ ಹೇಳಿದಳು. ಅವಳು ಅಂದದ್ದು ಆಗ ನಮಗೆ ನಗೆಯಾಗಿತ್ತು.

ಮೊದಲನೆಯ ಮಹಾಯುದ್ಧ ಬಂತು. ಮಹಾರಾಜರ ಕುದುರೆ ದಂಡು ಸಮುದ್ರ ದಾಟುತ್ತದೆ ಎಂದು ಊರಲ್ಲಿ ಸುದ್ದಿ. ಕುದುರೆಗಳಿಗೆ ಹುರುಳಿ ಬೇಕು, ಹುರುಳಿ ಕೊಳ್ಳಲು ದಂಡಿನವರು ದುರ್ಗಕ್ಕೆ ಬಂದರು. ಚನ್ನಣ್ಣ ಕಾಳು ಕಚ್ಚಿ ನೋಡುವ ರೀತಿ ಅವರಿಗೆ ಹಿಡಿಸಿತು. ಅವನಿಗೆ ಅವರ ಕುದುರೆಗಳು ಹಿಡಿಸಿದವು. ಕುದುರೆಗಳ ದಾಣಿ, ಮೇವಿನ ಉಗ್ರಾಣ ನೋಡಿಕೊಳ್ಳುವ ಕೆಲಸ, ಬಂದೂಕು ಮುಟ್ಟುವುದಿಲ್ಲ ಎಂದು ದೊಡ್ಡವ್ವನಿಗೆ ಭಾಷೆ ಕೊಟ್ಟು ಹೊರಟೇಬಿಟ್ಟ. ಆಗ ದುರ್ಗಕ್ಕೆ ರೈಲು ಇರಲಿಲ್ಲ. ಹೊಳಲ್ಕೆರೆ ಕಡೆ ಹೋಗಿ ರೈಲು ಹತ್ತಬೇಕಿತ್ತು. ಗಾಡಿ ಓಣಿಯ ತಿರುವು ದಾಟುವವರೆಗೆ ದೊಡ್ಡವ್ವ ಅಳಲಿಲ್ಲ. ಒಳಗೆ ಬಂದವಳೇ ಕೇಳಿದ ಮೊದಲ ಮಾತು, “ಹಡಗಿನಾಗೆ ಪೂಜೆಗೆ ನೀರು ಸಿಗ್ತೈತೇನಪ್ಪ?”

ಸಮಾಧಾನ ಮಾಡಲೆಂದು ಅಪ್ಪ ಗಡಿಗೆ ತಂದು ಅವಳ ಮುಂದಿಟ್ಟರು. ಇಗೋ ನಾವು, ಇಗೋ ಸಮುದ್ರ, ಇದು ಏಡನ್, ಇದು ದಂಡು ಇಳಿಯುವ ಸೂಯೆಜ್. ಬೆರಳಲ್ಲಿ ಅಳೆದರೆ ಗೇಣಿಗಿಂತ ಕಡಿಮೆ ದೂರ. ದೂರ ಕಡಿಮೆ ಕಂಡರೆ ಭಯ ಕಡಿಮೆಯಾದೀತು ಎಂದು ಅವರ ಎಣಿಕೆ. ದೊಡ್ಡವ್ವ ದೂರವನ್ನು ನೋಡಲೇ ಇಲ್ಲ. ಗೆರೆಗಳನ್ನು ನೋಡಿದಳು. ಇವು ಏನು ಎಂದು ಕೇಳಿದಳು. ಮೇಷ್ಟ್ರಿಗೆ ಪಾಠ ಕೇಳುವವರು ಸಿಕ್ಕರೆ ಮೈಮೇಲೆ ಎಚ್ಚರ ಎಲ್ಲಿರುತ್ತದೆ! ಅಪ್ಪ ಉತ್ಸಾಹದಿಂದ ಎಲ್ಲವನ್ನೂ ಹೇಳಿದರು. ಅವಳು ಕೇಳಿ ಮುಗಿಸಿ, “ಹಂಗಾದ್ರೆ ನಮ್ಮ ಒರಳುಕಲ್ಲಿಗೆ ನೆರಳು ಬಂದಾಗ ನನ್ನ ಮಗ ಉಂಡಿರಲ್ಲ,” ಎಂದಳು. ಅಪ್ಪನ ಮುಖ ಅಲ್ಲೇ ಇಳಿಯಿತು. ಮರುದಿನದಿಂದ ದೊಡ್ಡವ್ವನ ಊಟ ಪಡುವಣಕ್ಕೆ ಹೊರಟಿತು. ಹಡಗು ಅರಬ್ಬೀ ಸಮುದ್ರದಲ್ಲಿ ಮುಂದೆ ಹೋದಂತೆ ಅವಳ ತಟ್ಟೆಯೂ ಮುಂದೆ ಮುಂದೆ ಸರಿಯಿತು. ಸೂಯೆಜಿಗೆ ಮೂರು ಗೆರೆ; ನೆರಳು ಬಾವಿಕಟ್ಟೆ ಮುಟ್ಟುವವರೆಗೆ ಅವಳು ನೀರು ಬಿಟ್ಟು ಬೇರೇನೂ ಬಾಯಿಗಿಡುತ್ತಿರಲಿಲ್ಲ. ಮಗನ ರಾತ್ರಿಯೂಟಕ್ಕೆ ಕಾದರೆ ನಮಗೆ ಸರಿರಾತ್ರಿಯಾಗುತ್ತಿತ್ತು, ಹಾಗಾಗಿ ರಾತ್ರಿಯೂಟವನ್ನೇ ಬಿಟ್ಟಳು. ನಾನು ಭೂಗೋಳ ಕಲಿತದ್ದು ಅವಳ ಹಸಿವಿನಿಂದ. ಶಾಲೆಯಿಂದ ಓಡಿ ಬಂದವಳು ಮೊದಲು ನೆರಳು ನೋಡುತ್ತಿದ್ದೆ, ಆಮೇಲೆ ಅವಳ ಮುಖ.

ಒಂದು ದಿನ ಇನ್ನೊಂದು ಅನಾಹುತವಾಯಿತು. ಅಪ್ಪ ಹಜಾರದಲ್ಲಿ ನನಗೆ ಪಾಠ ಒಪ್ಪಿಸಲು ಹೇಳಿದ್ದರು. ಕೆಮ್ಮಣ್ಣಿನ ಪಟ್ಟಿ ಮುಗಿಯುವಲ್ಲಿ ಕರ್ಕಾಟಕ ವೃತ್ತ, ಅದರಿಂದ ಬಡಗಲ ದೇಶಗಳಲ್ಲಿ ಸೂರ್ಯ ವರ್ಷದಲ್ಲಿ ಒಂದು ದಿನವೂ ನೆತ್ತಿಯ ಮೇಲೆ ಬರುವುದಿಲ್ಲ ಎಂದು ನಾನು ರಾಗವಾಗಿ ಒಪ್ಪಿಸಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಸೂಯೆಜ್ ಕೆಮ್ಮಣ್ಣಿನಲ್ಲಿದೆಯೋ ಅರಿಶಿನದಲ್ಲಿದೆಯೋ ಎಂದು ಗಡಿಗೆಯ ಹತ್ತಿರ ಬಗ್ಗಿ ನೋಡಿದಳು. ಅರಿಶಿನದಲ್ಲಿತ್ತು, ಅಂಚಿನಿಂದ ಒಂದು ಬೆರಳು ಒಳಗೆ. “ನೆತ್ತಿಗೇ ಬರಲ್ಲ ಅಂದ್ರೆ ನನ್ನ ಮಗ ಯಾವಾಗ ಉಣ್ಣೋದು?” ಅಂದಳು. ಆ ದಿನ ಅವಳು ಉಣ್ಣಲೇ ಇಲ್ಲ. ಅಪ್ಪ ಹಿತ್ತಿಲಲ್ಲಿ ಕೋಲು ನೆಟ್ಟು, ನೆರಳು ತೀರಾ ಗಿಡ್ಡವಾದ ಹೊತ್ತೇ ಮಧ್ಯಾಹ್ನ, ನೆತ್ತಿಗೆ ಬರಲೇಬೇಕೆಂದಿಲ್ಲ, ಅಲ್ಲಿಯವರೂ ಉಣ್ಣುತ್ತಾರೆ, ಅಲ್ಲಿಯವರೂ ಬದುಕುತ್ತಾರೆ ಎಂದು ಎಷ್ಟು ಬಗೆಯಲ್ಲಿ ಹೇಳಿದರೋ! ಮರುದಿನ ಅವಳು ಒಪ್ಪಿದಳು. ಒಳಗೆ ನಮ್ಮವ್ವ ಒಲೆ ಊದುತ್ತ ಕೂಗಿದಳು: “ಏನ್ರೀ, ಆ ಗಡಿಗೆ ಎತ್ತಿ ಕಲ್ಲಿಗೆ ಹಾಕ್ರಿ. ಅಕ್ಕನ್ನ ಕೊಲ್ತೈತೆ ಅದು.” ಅಪ್ಪ ಗಡಿಗೆಯನ್ನು ಎತ್ತಿ ಅಟ್ಟದ ಮೇಲಿಟ್ಟರು. ಆದರೆ ಕಲಿತದ್ದನ್ನು ಅಟ್ಟಕ್ಕೆ ಹಾಕಲು ಬರುತ್ತದೆಯೇ?

ಅವಳು ಸೊರಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಕುಪ್ಪಸದ ತೋಳುಗಳು ಜೋತಾಡುತ್ತಿದ್ದವು. ಅಂಗಡಿಯಲ್ಲಿ ಮೂಟೆಯ ಮೇಲೆ ಕೂತು ಕಾಳು ಕಚ್ಚುವಾಗಲೂ ಕಚ್ಚಿದ ಕಾಳನ್ನು ತಪ್ಪದೆ ಉಗುಳಿಬಿಡುತ್ತಿದ್ದಳು. ಮಠದ ಅಯ್ಯನವರು ಬಿನ್ನಹದ ಊಟಕ್ಕೆ ಬಂದಾಗ ಅಪ್ಪ ಅವರ ಕಾಲು ಹಿಡಿದು, ನೀವಾದರೂ ಹೇಳಿ ಎಂದರು. ಅಯ್ಯನವರು ಹೇಳಿದರು. ದೊಡ್ಡವ್ವ ಸೆರಗು ಹೊದ್ದು ತಲೆಬಾಗಿ ಕೇಳಿ, “ಆಗಲಿ ಬುದ್ಧಿ. ಅವ್ನು ಬಂದ ದಿನದಿಂದ ಹೊತ್ತಿಗೆ ಉಣ್ತೀನಿ,” ಎಂದಳು. ಇದನ್ನೆಲ್ಲ ಚನ್ನಣ್ಣನಿಗೆ ಬರೆಯಕೂಡದೆಂದು ಅಪ್ಪನಿಂದ ಆಣೆ ಬೇರೆ ಹಾಕಿಸಿಕೊಂಡಳು. ಅವನು ಅಲ್ಲಿ ನೆಮ್ಮದಿಯಾಗಿ ಇರಲಿ ಎಂದು.

ಅವನ ಕಾಗದ ಬರುತ್ತಿದ್ದುದೇ ಅಪರೂಪ. ನಾಲ್ಕು ಸಾಲಿನ ಕಾರ್ಡು, ಊರಿನ ಹೆಸರಿದ್ದ ಕಡೆ ಸರ್ಕಾರದವರು ಮಸಿ ಬಳಿದಿರುತ್ತಿದ್ದರು. ಎರಡನೆಯ ಚಳಿಗಾಲದಲ್ಲಿ ಬಂದ ಕಾರ್ಡನ್ನು ಅಪ್ಪ ಗಟ್ಟಿಯಾಗಿ ಓದಿದರು: ಕುದುರೆಗಳು ಚೆನ್ನಾಗಿವೆ, ಚಳಿ ಬಹಳ, ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಕಟ್ಟಿರುತ್ತದೆ. ಓದುತ್ತ ಓದುತ್ತ ಅವರ ದನಿ ನಿಧಾನವಾಯಿತು. ಸೂಯೆಜಿನ ಸುತ್ತಲಿನ ಮರಳುಗಾಡೆಂದರೆ ಕಾದ ಹೆಂಚು ಎಂದು ಅವರು ಪುಸ್ತಕದಲ್ಲಿ ಓದಿದ್ದರು, ಹುಡುಗರಿಗೂ ಹಾಗೇ ಹೇಳಿಕೊಟ್ಟಿದ್ದರು. ಕಾದ ಹೆಂಚಿನ ಮೇಲೆ ನೀರು ಗಟ್ಟಿಯಾಗುವುದುಂಟೆ? ನಮ್ಮ ದೇಶದ ಸಿಪಾಯಿಗಳನ್ನು ಫ್ರಾನ್ಸಿಗೆ ಕಳಿಸಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಅದೂ ಇದೂ ಸೇರಿಸಿ, ಹಣೆ ಒತ್ತಿಕೊಂಡು, “ಫ್ರಾನ್ಸಿಗೆ ಹೋಗಿರಬೇಕು,” ಎಂದು ತಮಗೆ ತಾವೇ ಅಂದುಕೊಂಡರು. ಅಂದದ್ದು ದೊಡ್ಡವ್ವನ ಕಿವಿಗೆ ಬಿತ್ತು.

“ಅದು ಎಷ್ಟು ಗೆರೆ?”

ಅಪ್ಪ ಕಾರ್ಡನ್ನು ಜೇಬಿಗೆ ಸೇರಿಸಿದರು. ಅವಳು ನನ್ನನ್ನು ಕರೆದು ಅಟ್ಟ ಹತ್ತಿಸಿ ಗಡಿಗೆ ಇಳಿಸಿಕೊಂಡಳು. ತಾನೇ ಎಣಿಸಿದಳು. ಐದು. “ಇನ್ನೂ ಎರಡು ಗೆರೆ ಕಾಯಬೇಕು, ಅಷ್ಟೇ ತಾನೆ? ಯಾಕಪ್ಪ ಹಂಗೆ ಮುಖ ಮಾಡ್ತೀಯ, ನಾನೇನು ಹಸುಗೂಸಾ?” ಎಂದು ಅಪ್ಪನನ್ನೇ ಸಮಾಧಾನ ಮಾಡಿದಳು. ಅಂದಿನಿಂದ ನೆರಳು ಬಾವಿಕಟ್ಟೆ ದಾಟಿ ಕೊಟ್ಟಿಗೆಯ ಗೋಡೆ ಹತ್ತುವವರೆಗೆ, ದನ ಮೇದು ಮನೆಗೆ ಬರುವ ಹೊತ್ತಿನವರೆಗೆ, ಅವಳ ಹೊಟ್ಟೆ ಖಾಲಿ. ನಾವು ಉಣ್ಣುವಾಗ ಅವಳು ಹೊಸಿಲ ಮೇಲೆ ಕೂತು, ಇನ್ನೊಂದು ತುತ್ತು ಹಾಕಿಸ್ಕೊಳ್ರಿ ಎಂದು ಒತ್ತಾಯ ಮಾಡುತ್ತಿದ್ದಳು. ನಾನು ತಲೆ ತಗ್ಗಿಸಿ ಬೇಗ ಬೇಗ ನುಂಗಿ ಎದ್ದುಬಿಡುತ್ತಿದ್ದೆ. ಮಗ ಬರುವವರೆಗೆ ಇವಳು ಉಳಿಯುತ್ತಾಳೆಯೇ ಎನ್ನುವ ಮಾತನ್ನು ಯಾರೂ ಆಡಲಿಲ್ಲ, ಆದರೆ ಆ ಮನೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಅಪ್ಪ ದಿನಾ ಶಾಲೆಯಿಂದ ಬರುವ ದಾರಿಯಲ್ಲಿ ಅಂಚೆಯವನನ್ನು ಹಿಡಿದು ಕೇಳಿ ಬರುತ್ತಿದ್ದರು. ಯುದ್ಧ ಯಾರು ಗೆದ್ದರೂ ಅವರಿಗೆ ಬೇಕಿರಲಿಲ್ಲ, ಬೇಗ ಮುಗಿದರೆ ಸಾಕಾಗಿತ್ತು.

ಯುದ್ಧ ಮುಗಿಯುವ ಹೊತ್ತಿಗೆ ದೇಶವನ್ನೆಲ್ಲ ಬಡಿದ ಆ ಇನ್‌ಫ್ಲುಯೆಂಜಾ ಜ್ವರ ಊರಿಗೂ ಬಂತು. ಓಣಿಯಲ್ಲಿ ಹಾಸಿಗೆ ಹಿಡಿಯದ ಮನೆ ಇರಲಿಲ್ಲ. ತುರುವನೂರಿನಿಂದ ಬಂದು ಹೋಗುತ್ತಿದ್ದ ನೆಂಟರು ಬರುವುದನ್ನು ನಿಲ್ಲಿಸಿದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಂತು, ಉಳಿದವರೆಲ್ಲ ಎದ್ದೆವು. ಏಳಲು ಮೈಯಲ್ಲಿ ಏನೂ ಉಳಿದಿರದವಳು ದೊಡ್ಡವ್ವ ಒಬ್ಬಳೇ. ಅವ್ವ ಗಂಜಿಯ ಬಟ್ಟಲು ಹಿಡಿದು, ನೆರಳು ಕೊಟ್ಟಿಗೆ ಗೋಡೆ ಹತ್ತಿತು, ಇನ್ನು ಕುಡಿಯಕ್ಕ ಎಂದು ಬೇಡಿದಳು. ದೊಡ್ಡವ್ವ ಕಣ್ಣು ತೆರೆದು ಬಾಗಿಲಿನ ಬೆಳಕು ನೋಡಿದಳು. “ಇನ್ನೂ ಬಾವಿ ತಾವ ಐತೆ ಕಣೇ,” ಎಂದು ಮುಖ ತಿರುಗಿಸಿದಳು. ಬೆಳಕಿನ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಅವಳು ಹೋದದ್ದು ಬೆಳಗಿನ ಹೊತ್ತು. ದೊಡ್ಡಪ್ಪನ ಪಕ್ಕದಲ್ಲೇ ಅವಳನ್ನು ಕೂರಿಸಿ ಮಣ್ಣು ಮಾಡಿದರು.

ಆ ಮನೆಯನ್ನು ಆಮೇಲೆ ಮಾರಿದೆವು. ಈಗ ಅಲ್ಲಿ ಅಂಗಳವೇ ಇಲ್ಲ, ಮೇಲೆಲ್ಲ ಚಾವಣಿ ಹಾಕಿ ಗೋದಾಮು ಮಾಡಿದ್ದಾರೆ. ಬಿಸಿಲು ಒಳಗೆ ಬರುವುದಿಲ್ಲ. ನನ್ನನ್ನು ಬಾಗೂರಿಗೆ ಕೊಟ್ಟರು. ಅಪ್ಪ ಹೋದರು, ಅವ್ವ ಹೋದಳು, ಮಕ್ಕಳು ಮೊಮ್ಮಕ್ಕಳನ್ನು ಕಂಡು ತುಂಬು ವಯಸ್ಸಿನಲ್ಲಿ ಚನ್ನಣ್ಣನೂ ಹೋದ. ಅವನು ಬದುಕಿರುವಷ್ಟು ದಿನ ಈ ಕತೆಯನ್ನು ನಾನು ಯಾರ ಮುಂದೆಯೂ ಬಿಚ್ಚಲಿಲ್ಲ. ಈಗ ಬರೆದರೆ ನೋಯುವವರು ಯಾರೂ ಉಳಿದಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಚನ್ನಣ್ಣ ಬಂದದ್ದು ದೊಡ್ಡವ್ವ ಹೋಗಿ ಎಷ್ಟೋ ತಿಂಗಳ ಮೇಲೆ. ಖಾಕಿ ಕೋಟು, ಸುಟ್ಟ ಮುಖ, ಗಾಡಿಯಿಂದ ಇಳಿಯುತ್ತಲೇ “ಅವ್ವಾ” ಎಂದು ಕೂಗಿದ. ನಾವು ಬರೆದ ಕಾಗದ ಅವನಿಗೆ ಸಿಕ್ಕೇ ಇರಲಿಲ್ಲ. ಆ ದಿನದ ಮಾತು ಬೇಡ. ಮರುದಿನ ಅವನೂ ಅಪ್ಪನೂ ಹೋಗಿ ಸಮಾಧಿಗೆ ಕೈಮುಗಿದು ಬಂದರು. ಮಧ್ಯಾಹ್ನ ಇಬ್ಬರೂ ಎದುರುಬದುರು ಊಟಕ್ಕೆ ಕೂತರು. ಅವ್ವ ಬಡಿಸುತ್ತಿದ್ದಳು, ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಏನಾದರೂ ಮಾತಾಡಬೇಕಲ್ಲ ಎಂದು ಅಪ್ಪ ಫ್ರಾನ್ಸಿನ ಚಳಿಯ ಬಗ್ಗೆ ಕೇಳಿದರು.

“ಫ್ರಾನ್ಸಾ? ನಾವು ಆ ಕಡೆ ಹೋಗ್ಲೇ ಇಲ್ಲ ಚಿಕ್ಕಪ್ಪ. ಕಡೇ ತನಕ ಆ ಮರಳಿನಾಗೇ ಇದ್ವಿ. ಹಗಲು ಬೆಂಕಿ, ರಾತ್ರಿ ಆದ್ರೆ ನೀರು ಹೆಪ್ಪುಗಟ್ಟೋ ಚಳಿ.”

ಅಪ್ಪ ಕಲಸಿದ ತುತ್ತನ್ನು ಹಾಗೇ ಹಿಡಿದುಕೊಂಡು ಕೂತರು. ಚನ್ನಣ್ಣ ಅದನ್ನು ಗಮನಿಸಲಿಲ್ಲ. ಅವನ ಮನಸ್ಸು ಬೇರೆ ಕಡೆ ಇತ್ತು. ತಟ್ಟೆ ನೋಡುತ್ತಲೇ ಮೆಲ್ಲಗೆ ಹೇಳಿದ: “ಒಂದು ಸಮಾಧಾನ ಐತೆ ಚಿಕ್ಕಪ್ಪ. ಅವ್ವನ್ನ ನಾನು ಒಂದು ದಿನಾನೂ ಹಸಿವಿನಾಗೆ ಕಾಯಿಸ್ಲಿಲ್ಲ. ನೀವು ಹೇಳ್ಕೊಟ್ಟಿದ್ರಲ್ಲ, ಮೂರು ಗೆರೆ. ಇಲ್ಲಿ ನೆರಳು ಒರಳುಕಲ್ಲಿಗೆ ಬರೋವಾಗ ಅಲ್ಲಿ ಇನ್ನೂ ಒಂಬತ್ತು ಗಂಟೆ. ಅಷ್ಟೊತ್ತಿಗೆಲ್ಲ ಪೂಜೆ ಮುಗಿಸಿ ಉಂಡ್ಬಿಡ್ತಿದ್ದೆ. ಜೊತೆಗಿದ್ದೋರು ನಗೋರು, ಏನೋ ಇವನು ಬೆಳಿಗ್ಗೇನೇ ಊಟಕ್ಕೆ ಕುಂತ್ಕಂತಾನೆ ಅಂತ. ನಾನು ಉಂಡ ಮೇಲೆ ತಾನೆ ಅವ್ವ ಉಣ್ಣೋದು. ಹೊತ್ತಿಗೆ ಸರಿಯಾಗಿ ಉಣ್ತಿದ್ಲಾ ಚಿಕ್ಕವ್ವ, ನಮ್ಮವ್ವ?”

ಅಪ್ಪ ತುತ್ತನ್ನು ತಟ್ಟೆಗೆ ಬಿಟ್ಟು ಅವ್ವನ ಕಡೆ ನೋಡಿದರು. ಅವ್ವ ಬಗ್ಗಿ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ದನಿ ಒಂದಿಷ್ಟೂ ಅಲುಗದಂತೆ ಹೇಳಿದಳು:

“ಹೂನಪ್ಪ. ನೆರಳು ಒರಳುಕಲ್ಲು ಮುಟ್ತಿದ್ದಂಗೇ ಉಣ್ಣೋಳು. ಒಂದಿನಾನೂ ತಪ್ಪಿಸ್ಲಿಲ್ಲ. ಉಣ್ಣು ನೀನು.”

ಚನ್ನಣ್ಣ ಕಣ್ಣೊರೆಸಿಕೊಂಡು, ರೊಟ್ಟಿ ಮುರಿದು, ಉಣ್ಣತೊಡಗಿದ.